ಪಂಚರತ್ನಂ ಕಂಡ ಕೋನ: ಸುಣ್ಣದ ಕಲ್ಲಿನಿಂದ ಚಿನ್ನದ ಜಾಲಕಗಳವರೆಗೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಪಟ್ಟಣಗಳ ನೆಲದಡಿ ಹರಡಿರುವುದು ಭೀಮಾ ಶಿಲಾಸಮುದಾಯಕ್ಕೆ ಸೇರಿದ ಸುಣ್ಣದ ಕಲ್ಲು. ಹಲವು ಹತ್ತು ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಶೇಖರಗೊಂಡ ಈ ಕಲ್ಲನ್ನೇ ಶಹಾಬಾದಿನ ಗಣಿಗಳಲ್ಲಿ ಫರ್ಸಿಯಾಗಿ ಎಬ್ಬಿಸಿ ದೂರದೂರದ ಮನೆಗಳ ನೆಲಕ್ಕೆ ಹಾಸಲಾಗಿದೆ. ಇದನ್ನೇ ವಾಡಿ ಮತ್ತು ಸೇಡಂ ಸುತ್ತಲಿನ ಕಾರ್ಖಾನೆಗಳು ಸುಟ್ಟು ಸಿಮೆಂಟ್ ಮಾಡುತ್ತಿವೆ. ಚಿಂಚೋಳಿಯ ಕಡೆಗೆ ಸಾಗಿದಂತೆ ಸುಣ್ಣದ ಕಲ್ಲು ಮರೆಯಾಗಿ ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯೂ ಅದರ ಮೇಲಿನ ಕೆಂಪು ಜಂಬಿಟ್ಟಿಗೆಯೂ ಕಾಣಿಸಿಕೊಳ್ಳುತ್ತವೆ. ಈ ಸುಣ್ಣದ ಕಲ್ಲಿನ ಮುಖ್ಯ ಖನಿಜದ ಹೆಸರು ಕ್ಯಾಲ್ಸೈಟ್, ಅಂದರೆ ಸ್ಫಟಿಕರೂಪದ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಳಕಿಗೆ ತರಂಗದ ಗುಣವಷ್ಟೇ ಅಲ್ಲದೆ ಕಂಪನದ ದಿಕ್ಕು ಎಂಬ ಇನ್ನೊಂದು ಗುಣವೂ ಇದೆ ಎಂಬುದು ಮನುಷ್ಯನಿಗೆ ಮೊದಲು ತಿಳಿದದ್ದು ಇದೇ ಖನಿಜದಿಂದ. ಆ ಗುಣದ ಬೆನ್ನುಹತ್ತಿ ಬೆಂಗಳೂರಿನಲ್ಲಿ 1956ರಲ್ಲಿ ನಡೆದ ಒಂದು ಶೋಧವು, ಇಂದು ಚಿನ್ನದ ಅತಿಸೂಕ್ಷ್ಮ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ ಬೆಳಕನ್ನು ಅಂಚಿನಲ್ಲಿ ಹಿಡಿದು ನಿಲ್ಲಿಸುವ ಹೊಸ ಭೌತಶಾಸ್ತ್ರದ ಒಳಗೆ ಪ್ರತಿದಿನವೂ ಕೆಲಸ ಮಾಡುತ್ತಿದೆ. ಆ ಶೋಧಕ್ಕೂ ಈ ಹೊಸ ವಿಷಯಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

1669ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ಬಾರ್ತೊಲಿನ್ ಎಂಬ ವಿದ್ವಾಂಸ ಐಸ್‌ಲ್ಯಾಂಡಿನಿಂದ ಬಂದ ಪಾರದರ್ಶಕ ಕ್ಯಾಲ್ಸೈಟ್ ಸ್ಫಟಿಕದ ಮೂಲಕ ನೋಡಿದ ಪ್ರತಿಯೊಂದು ವಸ್ತುವೂ ಎರಡಾಗಿ ಕಾಣುವುದನ್ನು ದಾಖಲಿಸಿದನು. ಸ್ಫಟಿಕವನ್ನು ಹೊಕ್ಕ ಬೆಳಕು ಎರಡು ಕಿರಣಗಳಾಗಿ ಒಡೆದು, ಒಂದು ಹೆಚ್ಚು ಬಾಗಿ ಇನ್ನೊಂದು ಕಡಿಮೆ ಬಾಗಿ ಹೊರಬರುವುದೇ ಇದಕ್ಕೆ ಕಾರಣ. ಹಳದಿ ಬೆಳಕಿಗೆ ಕ್ಯಾಲ್ಸೈಟಿನ ಎರಡು ವಕ್ರೀಭವನ ಸೂಚ್ಯಂಕಗಳು 1.658 ಮತ್ತು 1.486 ಆಗಿದ್ದು, ಸಾಮಾನ್ಯ ಖನಿಜಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ. 1808ರಲ್ಲಿ ಪ್ಯಾರಿಸ್ಸಿನ ಎತಿಯೆನ್ ಲೂಯಿ ಮಾಲ್ಯೂಸ್ ಕಿಟಕಿಯ ಗಾಜಿನಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಇಂಥದೇ ಸ್ಫಟಿಕದ ಮೂಲಕ ನೋಡಿ, ಸ್ಫಟಿಕವನ್ನು ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದೊಂದೇ ಮಂಕಾಗುವುದನ್ನು ಕಂಡನು. ಬೆಳಕಿನ ವಿದ್ಯುತ್ ಕ್ಷೇತ್ರವು ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನು ಸೂಚಿಸುವ ಈ ಗುಣಕ್ಕೆ ಧ್ರುವೀಕರಣ ಎಂದು ಹೆಸರು. ಶಹಾಬಾದಿನ ಫರ್ಸಿಯಲ್ಲಿಯೂ ಇದೇ ಕ್ಯಾಲ್ಸೈಟ್ ಇದ್ದರೂ ಅದರ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ಎಲ್ಲ ದಿಕ್ಕುಗಳಿಗೂ ಮುಖಮಾಡಿ ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ ಬಿಂಬವು ಎರಡಾಗಿ ಕಾಣುವುದಿಲ್ಲ. ಆದರೆ ಆ ಕಲ್ಲನ್ನು ಸುಮಾರು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಧ್ರುವೀಕರಣ ಫಲಕಗಳಿರುವ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೊಂದು ಹರಳೂ ತನ್ನ ದಿಕ್ಕಿಗೆ ತಕ್ಕಂತೆ ಬೇರೆಬೇರೆಯಾಗಿ ಬೆಳಗುತ್ತದೆ. ಚಿಂಚೋಳಿಯ ಬಸಾಲ್ಟಿನ ಖನಿಜಗಳನ್ನೂ ಭೂವಿಜ್ಞಾನಿಗಳು ಗುರುತಿಸುವುದು ಇದೇ ವಿಧಾನದಿಂದ.

ಧ್ರುವೀಕರಣದಲ್ಲಿ ಹಲವು ಬಗೆಗಳುಂಟು. ವಿದ್ಯುತ್ ಕ್ಷೇತ್ರವು ಒಂದೇ ರೇಖೆಯಲ್ಲಿ ಹಿಂದಕ್ಕೂ ಮುಂದಕ್ಕೂ ಕಂಪಿಸಿದರೆ ಅದು ರೇಖೀಯ, ಎಡಕ್ಕೋ ಬಲಕ್ಕೋ ವೃತ್ತಾಕಾರವಾಗಿ ಸುತ್ತುತ್ತ ಸಾಗಿದರೆ ವೃತ್ತೀಯ, ಇವೆರಡರ ನಡುವಿನದೆಲ್ಲ ದೀರ್ಘವೃತ್ತೀಯ. ಫ್ರಾನ್ಸಿನ ಗಣಿತಜ್ಞ ಆನ್ರಿ ಪಾಂಕರೆ 1892ರಲ್ಲಿ ಈ ಎಲ್ಲ ಬಗೆಗಳನ್ನೂ ಒಂದು ಗೋಳದ ಮೇಲ್ಮೈಯಲ್ಲಿ ಬಿಂದುಗಳಾಗಿ ಗುರುತಿಸಬಹುದೆಂದು ತೋರಿಸಿದನು. ಈ ಗೋಳದ ಎರಡು ಧ್ರುವಗಳಲ್ಲಿ ಎಡ ಮತ್ತು ಬಲ ವೃತ್ತೀಯ ಧ್ರುವೀಕರಣಗಳೂ, ಸಮಭಾಜಕ ವೃತ್ತದ ಮೇಲೆ ಎಲ್ಲ ರೇಖೀಯ ಧ್ರುವೀಕರಣಗಳೂ, ಉಳಿದೆಡೆ ದೀರ್ಘವೃತ್ತೀಯ ಧ್ರುವೀಕರಣಗಳೂ ಇರುತ್ತವೆ. ಕಲ್ಪನೆಯ ಗೋಳವಾದರೂ ಇದು ಬಹು ಉಪಯುಕ್ತವಾದ ಸಾಧನ.

ತರಂಗಕ್ಕೆ ಇನ್ನೊಂದು ಗುಣವಿದೆ, ಅದು ಪ್ರಾವಸ್ಥೆ. ಒಂದು ಗೊತ್ತಾದ ಕ್ಷಣದಲ್ಲಿ ತರಂಗವು ಏರಿನಲ್ಲಿದೆಯೋ ಇಳಿತದಲ್ಲಿದೆಯೋ, ತನ್ನ ಆವರ್ತದ ಎಷ್ಟನೆಯ ಭಾಗದಲ್ಲಿದೆ ಎಂಬುದನ್ನು ಕೋನದ ರೂಪದಲ್ಲಿ ಹೇಳುವ ಅಳತೆ ಅದು. ಪೂರ್ಣ ಆವರ್ತಕ್ಕೆ 360 ಡಿಗ್ರಿ. ಈ ಅಳತೆಯನ್ನು ಲೆಕ್ಕದಲ್ಲಿ ಹಿಡಿದಿಡಲು ಇಂದಿನ ಭೌತಶಾಸ್ತ್ರವು ಋಣ ಒಂದರ ವರ್ಗಮೂಲವನ್ನು ಒಳಗೊಂಡ ಸಂಕೀರ್ಣ ಸಂಖ್ಯೆಗಳನ್ನು ಬಳಸುತ್ತದೆ. ಸೇಡಂ ತಾಲ್ಲೂಕಿನ ಮಳಖೇಡವನ್ನು, ಅಂದಿನ ಮಾನ್ಯಖೇಟವನ್ನು, ರಾಜಧಾನಿಯಾಗಿ ಮಾಡಿಕೊಂಡಿದ್ದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲಿ ಸ್ತುತಿಸಿರುವ ಮಹಾವೀರಾಚಾರ್ಯನು, ಸುಮಾರು 850ರ ಹೊತ್ತಿಗೆ ರಚಿಸಿದ ಗಣಿತಸಾರಸಂಗ್ರಹದಲ್ಲಿ, ಋಣ ಸಂಖ್ಯೆಯು ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಗುರುತಿಸಿದ್ದನು. ಅವನಿಗೆ ತಿಳಿದಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸಂಪೂರ್ಣ ಸರಿಯಾದ ತೀರ್ಮಾನ. ಸಾಮಾನ್ಯ ಸಂಖ್ಯೆಗಳ ಎಲ್ಲೆ ಎಲ್ಲಿದೆ ಎಂಬುದನ್ನು ಅಷ್ಟು ಹಿಂದೆಯೇ ಬೆರಳಿಟ್ಟು ತೋರಿಸಿದ ಆ ಗಣಿತಜ್ಞನ ಸೂಕ್ಷ್ಮತೆ ನಿಜಕ್ಕೂ ಗೌರವಾರ್ಹ. ಆ ಎಲ್ಲೆಯನ್ನು ದಾಟಲು ಗಣಿತಕ್ಕೆ ಮುಂದೆ ಏಳು ಶತಮಾನಗಳು ಬೇಕಾದವು.

ಎರಡು ಬೆಳಕಿನ ಕಿರಣಗಳ ಧ್ರುವೀಕರಣ ಒಂದೇ ಆಗಿದ್ದರೆ ಅವು ಸಮಪ್ರಾವಸ್ಥೆಯಲ್ಲಿವೆಯೋ ಇಲ್ಲವೋ ಎಂದು ಹೇಳುವುದು ಸುಲಭ: ಏರಿಗೆ ಏರು ಕೂಡಿದರೆ ಸಮಪ್ರಾವಸ್ಥೆ. ಆದರೆ ಒಂದು ಕಿರಣ ರೇಖೀಯವಾಗಿಯೂ ಇನ್ನೊಂದು ವೃತ್ತೀಯವಾಗಿಯೂ ಇದ್ದರೆ ಯಾವ ಏರನ್ನು ಯಾವ ಏರಿನೊಂದಿಗೆ ಹೋಲಿಸಬೇಕು? ಈ ಪ್ರಶ್ನೆಯನ್ನು ಎತ್ತಿಕೊಂಡವರು ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಎಸ್. ಪಂಚರತ್ನಂ. 1934ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು ರಾಮನ್ ಅವರ ಬಂಧುವೂ ಹೌದು, ಶಿಷ್ಯರೂ ಹೌದು. ರತ್ನಗಳ ಮತ್ತು ಖನಿಜಗಳ ವರ್ಣವೈಭವದಲ್ಲಿ ರಾಮನ್ ಅವರಿಗಿದ್ದ ತೀರದ ಆಸಕ್ತಿಯ ನೆರಳಿನಲ್ಲಿ, ಬೆಳಕನ್ನು ಎರಡಾಗಿ ಒಡೆಯುವುದರ ಜೊತೆಗೆ ಭಾಗಶಃ ಹೀರಿಕೊಳ್ಳಲೂಬಲ್ಲ ಐಯೊಲೈಟ್‌ನಂಥ ಹರಳುಗಳ ವಿಚಿತ್ರ ವರ್ತನೆಯನ್ನು ಬಿಡಿಸಲು ಹೊರಟ ಪಂಚರತ್ನಂ, ಅದಕ್ಕಾಗಿ ಭಿನ್ನ ಧ್ರುವೀಕರಣದ ಕಿರಣಗಳ ವ್ಯತಿಕರಣಕ್ಕೆ, ಅಂದರೆ ಕಿರಣಗಳು ಒಂದರ ಮೇಲೊಂದು ಬಿದ್ದು ಪರಸ್ಪರ ಹೆಚ್ಚಿಸುವ ಅಥವಾ ಕುಗ್ಗಿಸುವ ಕ್ರಿಯೆಗೆ, ಸಾಮಾನ್ಯವಾದ ಒಂದು ಸಿದ್ಧಾಂತವನ್ನು ಕಟ್ಟಬೇಕಾಯಿತು. ಆ ಪ್ರಬಂಧವು 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದಾಗ ಅವರ ವಯಸ್ಸು 22.

ಅವರು ಕೊಟ್ಟ ಉತ್ತರ ಅತ್ಯಂತ ಸರಳವಾದುದು. ಎರಡು ಕಿರಣಗಳನ್ನು ಒಂದರ ಮೇಲೊಂದು ಬೀಳಿಸಿದಾಗ ಒಟ್ಟು ಬೆಳಕು ಗರಿಷ್ಠವಾಗುವುದಾದರೆ, ಅವುಗಳ ಧ್ರುವೀಕರಣ ಏನೇ ಇರಲಿ, ಅವು ಸಮಪ್ರಾವಸ್ಥೆಯಲ್ಲಿವೆ ಎಂದು ಕರೆಯತಕ್ಕದ್ದು. ಈ ಸರಳ ನಿಯಮದಿಂದ ಅವರು ತೆಗೆದ ಫಲಿತಾಂಶ ಮಾತ್ರ ಅನಿರೀಕ್ಷಿತವಾಗಿತ್ತು. ಮೊದಲ ಕಿರಣವು ಎರಡನೆಯದರೊಂದಿಗೆ ಸಮಪ್ರಾವಸ್ಥೆಯಲ್ಲಿದ್ದು, ಎರಡನೆಯದು ಮೂರನೆಯದರೊಂದಿಗೆ ಸಮಪ್ರಾವಸ್ಥೆಯಲ್ಲಿದ್ದರೂ, ಮೂರನೆಯದು ಮೊದಲನೆಯದರೊಂದಿಗೆ ಸಮಪ್ರಾವಸ್ಥೆಯಲ್ಲಿ ಇರಬೇಕಾಗಿಲ್ಲ. ಅವುಗಳ ನಡುವೆ ಉಳಿಯುವ ಪ್ರಾವಸ್ಥೆಯ ವ್ಯತ್ಯಾಸವು ಪಾಂಕರೆ ಗೋಳದ ಮೇಲೆ ಆ ಮೂರು ಬಿಂದುಗಳು ರಚಿಸುವ ತ್ರಿಕೋಣವು ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟಿರುತ್ತದೆ. ಇದನ್ನೇ ಇನ್ನೂ ಸುಲಭವಾಗಿ ಹೇಳುವುದಾದರೆ, ತ್ರಿಕೋಣವು ಇಡೀ ಗೋಳದ ಎಷ್ಟನೆಯ ಭಾಗವನ್ನು ಆವರಿಸುತ್ತದೆಯೋ 360 ಡಿಗ್ರಿಯ ಅಷ್ಟನೆಯ ಭಾಗವೇ ಉಳಿಯುವ ವ್ಯತ್ಯಾಸ. ಉದಾಹರಣೆಗೆ ಒಂದು ಕಿರಣ ಅಡ್ಡ ದಿಕ್ಕಿನ ರೇಖೀಯ ಧ್ರುವೀಕರಣದ್ದು, ಎರಡನೆಯದು 45 ಡಿಗ್ರಿ ಓರೆಯಾದ ರೇಖೀಯದ್ದು, ಮೂರನೆಯದು ವೃತ್ತೀಯದ್ದು ಎಂದಿಟ್ಟುಕೊಂಡರೆ, ಇವು ಗೋಳದ ಮೇಲೆ ರಚಿಸುವ ತ್ರಿಕೋಣವು ಸರಿಯಾಗಿ ಗೋಳದ ಎಂಟನೆಯ ಒಂದು ಭಾಗ. ಆದ್ದರಿಂದ ಸುತ್ತು ಮುಗಿಸಿದಾಗ ಉಳಿಯುವ ವ್ಯತ್ಯಾಸ 45 ಡಿಗ್ರಿ. ಯಾವ ಕಿರಣವೂ ಹೆಚ್ಚು ದೂರ ಸಾಗಿದ್ದರಿಂದ ಈ ವ್ಯತ್ಯಾಸ ಹುಟ್ಟಿದ್ದಲ್ಲ, ಎಷ್ಟು ಹೊತ್ತು ಹಿಡಿಯಿತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಕೇವಲ ಕ್ರಮಿಸಿದ ಸುತ್ತಿನ ಆಕಾರದಿಂದ, ಅಂದರೆ ರೇಖಾಗಣಿತದಿಂದ ಹುಟ್ಟಿದ್ದು. ಆದ್ದರಿಂದಲೇ ಇದಕ್ಕೆ ಜ್ಯಾಮಿತೀಯ ಪ್ರಾವಸ್ಥೆ ಎಂದು ಹೆಸರು.

ಪಂಚರತ್ನಂ 1960ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು ಮುಂದೆ ಆಕ್ಸ್‌ಫರ್ಡಿಗೆ ತೆರಳಿದರು. 1969ರಲ್ಲಿ, 35ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅವರ ಪ್ರಬಂಧದ ಪೂರ್ಣ ಅರ್ಥ ಲೋಕಕ್ಕೆ ಹೊಳೆದದ್ದು ಅದಾದ ಮೇಲೆ. 1984ರಲ್ಲಿ ಬ್ರಿಸ್ಟಲ್ಲಿನ ಮೈಕೆಲ್ ಬೆರಿ ಅವರು, ಯಾವುದೇ ಕ್ವಾಂಟಂ ವ್ಯವಸ್ಥೆಯ ಸುತ್ತಲಿನ ಪರಿಸ್ಥಿತಿಗಳನ್ನು ನಿಧಾನವಾಗಿ ಬದಲಾಯಿಸಿ ಮೊದಲಿದ್ದಲ್ಲಿಗೆ ತಂದು ನಿಲ್ಲಿಸಿದರೆ ಆ ವ್ಯವಸ್ಥೆಯು ಸುತ್ತಿನ ಆಕಾರವನ್ನು ಅವಲಂಬಿಸಿದ ಒಂದು ಹೆಚ್ಚುವರಿ ಪ್ರಾವಸ್ಥೆಯನ್ನು ಹೊತ್ತು ಬರುತ್ತದೆ ಎಂದು ತೋರಿಸಿ ಜಗತ್ತಿನ ಗಮನ ಸೆಳೆದರು. 1986ರಲ್ಲಿ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, ಪಂಚರತ್ನಂ ಮೂರು ದಶಕಗಳ ಹಿಂದೆ ಕಂಡದ್ದು ಇದೇ ತತ್ತ್ವದ ಮೊದಲ ಉದಾಹರಣೆಗಳಲ್ಲೊಂದು ಎಂದು ಎತ್ತಿ ತೋರಿಸಿದರು. ಮರುವರ್ಷವೇ ಬೆರಿ ಅವರು ಪಂಚರತ್ನಂ ಅವರ ಪ್ರಾವಸ್ಥೆಯನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದು ಆದ್ಯತೆಯನ್ನು ತುಂಬು ಮನಸ್ಸಿನಿಂದ ಒಪ್ಪಿಕೊಂಡರು. 1988ರಲ್ಲಿ ರಾಮನ್ ಸಂಸ್ಥೆಯವರೇ ಆದ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಅವರು ಲೇಸರ್ ಕಿರಣಗಳಿಂದ ಈ ಪ್ರಾವಸ್ಥೆಯನ್ನು ಅಳೆದು ತೋರಿಸಿದ್ದಲ್ಲದೆ, ಪಂಚರತ್ನಂ ಅವರ ನಿಯಮವನ್ನು ತಳಹದಿಯಾಗಿಟ್ಟುಕೊಂಡರೆ ಬೆರಿ ಅವರು ಹಾಕಿದ್ದ ಹಲವು ನಿರ್ಬಂಧಗಳೇ ಬೇಕಾಗುವುದಿಲ್ಲವೆಂದು ಸಾಧಿಸಿದರು. ಬೆಂಗಳೂರಿನ ಪಾಲು ಕೇವಲ ಮೊದಲು ಕಂಡ ಹೆಗ್ಗಳಿಕೆಯಲ್ಲ. ವಿಷಯವನ್ನು ಅದರ ಅತ್ಯಂತ ವ್ಯಾಪಕ ರೂಪಕ್ಕೆ ತಂದ ಕೆಲಸವೂ ಅಲ್ಲಿಯದೇ.

ಈಗ ಜಾಲಕಗಳ ವಿಷಯ. ಕ್ಯಾಲ್ಸೈಟಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಘಟಕಗಳು ಒಂದೇ ವಿನ್ಯಾಸದಲ್ಲಿ ಮರುಕಳಿಸುತ್ತ ಹೋಗುತ್ತವೆ. 1914ರಲ್ಲಿ ಲಾರೆನ್ಸ್ ಬ್ರ್ಯಾಗ್ ಎಕ್ಸ್ ಕಿರಣಗಳಿಂದ ಬಿಡಿಸಿದ ಮೊದಮೊದಲ ಸ್ಫಟಿಕ ರಚನೆಗಳಲ್ಲಿ ಕ್ಯಾಲ್ಸೈಟಿನದೂ ಒಂದು. ಹೀಗೆ ಒಂದೇ ಘಟಕವು ಸಮ ಅಂತರಗಳಲ್ಲಿ ಮರುಕಳಿಸುವ ಜೋಡಣೆಯೇ ಜಾಲಕ. ಜಾಲಕದೊಳಗೆ ತರಂಗವೊಂದು ಸಾಗುವಾಗ ಕೆಲವು ಆವೃತ್ತಿಗಳಿಗೆ ಮಾತ್ರ ದಾರಿ ಸಿಗುತ್ತದೆ, ಕೆಲವಕ್ಕೆ ಸಿಗುವುದೇ ಇಲ್ಲ. ದಾರಿ ಸಿಗುವ ಆವೃತ್ತಿಗಳ ಗುಂಪಿಗೆ ಪಟ್ಟಿ ಎಂದೂ, ಎರಡು ಪಟ್ಟಿಗಳ ನಡುವಿನ ನಿಷಿದ್ಧ ಪ್ರದೇಶಕ್ಕೆ ಪಟ್ಟಿ ಅಂತರ ಎಂದೂ ಕರೆಯುತ್ತಾರೆ. ಪರಮಾಣುಗಳ ಜಾಲಕವನ್ನು ಪ್ರಕೃತಿ ಕೊಟ್ಟಂತೆಯೇ ಸ್ವೀಕರಿಸಬೇಕು. ಆದರೆ ಪರಮಾಣುಗಳ ಬದಲಿಗೆ ಲೋಹದ ಸೂಕ್ಷ್ಮ ಬಿಲ್ಲೆಗಳನ್ನು ಗಾಜಿನ ಮೇಲೆ ಜೋಡಿಸಿದರೆ ಅಂತರವನ್ನೂ ಆಕಾರವನ್ನೂ ತಯಾರಕನೇ ನಿರ್ಧರಿಸಬಹುದು. ಇದೇ ಕೃತಕ ಜಾಲಕ.

ಲೋಹದ ಬಿಲ್ಲೆಗಳೇ ಏಕೆ ಎಂದರೆ, ಲೋಹದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳಿದ್ದು, ಬೆಳಕಿನ ವಿದ್ಯುತ್ ಕ್ಷೇತ್ರವು ಅವುಗಳನ್ನು ಒಟ್ಟಾಗಿ ಒಂದು ಬದಿಗೆ ತಳ್ಳಿದಾಗ ಹಿಂದೆ ಉಳಿದ ಧನ ವಿದ್ಯುದಂಶವು ಅವುಗಳನ್ನು ಮರಳಿ ಎಳೆಯುವುದರಿಂದ ಇಡೀ ಎಲೆಕ್ಟ್ರಾನ್ ಸಮೂಹವೇ ತೂಗಲಾರಂಭಿಸುತ್ತದೆ. ಈ ಸಾಮೂಹಿಕ ತೂಗಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟು ಸಣ್ಣದಾದ ಚಿನ್ನದ ಗುಂಡಿನಲ್ಲಿ ಈ ತೂಗಾಟವು ಸುಮಾರು 520 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿಗೆ ಅನುರಣಿಸುವುದರಿಂದ ಹಸಿರು ಹೀರಲ್ಪಟ್ಟು ಕೆಂಪು ಉಳಿಯುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿಯೇ ಚಿನ್ನದ ಇಂಥ ಕೆಂಪು ದ್ರಾವಣವನ್ನು ತಯಾರಿಸಿ ಅದರ ಬಣ್ಣಕ್ಕೆ ಕಣಗಳ ಸಣ್ಣತನವೇ ಕಾರಣವೆಂದು ಊಹಿಸಿದ್ದರು. ಚಿಂಚೋಳಿಯ ಆರೋಗ್ಯ ಕೇಂದ್ರದಲ್ಲಿ ಬಳಸುವ ಗರ್ಭಪರೀಕ್ಷೆಯ ಪಟ್ಟಿಯ ಮೇಲಾಗಲಿ, ಕೋವಿಡ್ ಕಾಲದ ತ್ವರಿತ ಪರೀಕ್ಷೆಯ ಕಿಟ್ಟಿನ ಮೇಲಾಗಲಿ ಮೂಡುವ ಕೆಂಪು ಗೆರೆಯು ಸಾಮಾನ್ಯವಾಗಿ ಇಂಥ ಚಿನ್ನದ ಕಣಗಳದೇ ಆಗಿರುತ್ತದೆ. ಪ್ಲಾಸ್ಮಾನ್ ಎಂಬ ಹೆಸರು ಕೇಳದವರೂ ಅದರ ಬಣ್ಣವನ್ನು ಕಂಡವರೇ.

ಇಂಥ ಎರಡು ಕಣಗಳನ್ನು ಹತ್ತಿರ ತಂದರೆ ಒಂದರ ತೂಗಾಟ ಇನ್ನೊಂದಕ್ಕೆ ದಾಟುತ್ತದೆ, ಮತ್ತು ಕಣಗಳು ತೀರ ಸಮೀಪದಲ್ಲಿರುವಾಗ ಈ ಬಂಧದ ಬಲವು ಅಂತರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ: ಅಂತರ ಇಮ್ಮಡಿಯಾದರೆ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಈಗ ಶಹಾಬಾದಿನ ಫರ್ಸಿಗಳನ್ನು ಒಂದೇ ಸಾಲಿನಲ್ಲಿ ಹಾಸುವಾಗ ಒಂದು ಸಂದು ಕಿರಿದು, ಮುಂದಿನದು ಅಗಲ, ಮತ್ತೆ ಕಿರಿದು, ಮತ್ತೆ ಅಗಲ ಎಂಬಂತೆ ಬಿಟ್ಟು ಹಾಸಿದರೆ ಹೇಗೋ ಹಾಗೆ ಚಿನ್ನದ ಕಣಗಳ ಸಾಲೊಂದನ್ನು ಜೋಡಿಸಿದ್ದೇವೆ ಎಂದು ಭಾವಿಸಬಹುದು. ಕಿರಿದಾದ ಸಂದಿನಲ್ಲಿ ಬಂಧ ಬಲವಾದದ್ದು, ಅಗಲವಾದ ಸಂದಿನಲ್ಲಿ ದುರ್ಬಲ. ಸಾಲಿನ ತುದಿಯ ಕಣವು ಕಿರಿದಾದ ಸಂದಿನಿಂದ ಆರಂಭವಾದರೆ ಅದು ತನ್ನ ಜೊತೆಗಾರನೊಂದಿಗೆ ಬಲವಾಗಿ ಬೆಸೆದುಕೊಂಡು ಉಳಿದ ಜೋಡಿಗಳಂತೆಯೇ ಪಟ್ಟಿಯೊಳಗೆ ಸೇರಿಹೋಗುತ್ತದೆ. ಅಗಲವಾದ ಸಂದಿನಿಂದ ಆರಂಭವಾದರೆ ಉಳಿದವೆಲ್ಲ ಜೋಡಿ ಕಟ್ಟಿಕೊಂಡು ತುದಿಯ ಕಣವೊಂದೇ ಒಂಟಿಯಾಗಿ ಉಳಿಯುತ್ತದೆ. ಆಗ ಪಟ್ಟಿ ಅಂತರದ ನಟ್ಟನಡುವೆ, ಬೇರೆ ಯಾವ ತರಂಗಕ್ಕೂ ಜಾಗವಿಲ್ಲದ ಆವೃತ್ತಿಯಲ್ಲಿ, ತುದಿಯಲ್ಲಿಯೇ ನೆಲೆಸಿ ಒಳಕ್ಕೆ ಹೋದಂತೆ ಬೇಗನೆ ಕ್ಷೀಣಿಸುವ ಒಂದು ತೂಗಾಟ ಹುಟ್ಟುತ್ತದೆ. ಇದೇ ಅಂಚಿನ ಟೊಪಾಲಜೀಯ ಸ್ಥಿತಿ. 1979ರಲ್ಲಿ ಸು, ಶ್ರೀಫರ್ ಮತ್ತು ಹೀಗರ್ ಎಂಬ ಮೂವರು ಪಾಲಿಅಸಿಟಿಲೀನ್ ಎಂಬ ಇಂಗಾಲದ ಸರಪಳಿಗಾಗಿ ಕಟ್ಟಿದ ಮಾದರಿಯೇ ಇಲ್ಲಿ ಚಿನ್ನದ ಕಣಗಳಿಗೆ ಅನ್ವಯವಾಗಿದೆ.

ಇದನ್ನು ಟೊಪಾಲಜೀಯ ಎಂದು ಕರೆಯಲು ಕಾರಣವಿದೆ. ಟೊಪಾಲಜಿ ಎಂಬ ಗಣಿತಶಾಖೆಯು ಆಕಾರವನ್ನು ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಗುಣಗಳನ್ನು ಕುರಿತದ್ದು, ಮತ್ತು ಆ ಗುಣಗಳು ಬಹುಮಟ್ಟಿಗೆ ಪೂರ್ಣಾಂಕಗಳಾಗಿರುತ್ತವೆ. ಮೇಲಿನ ಸಾಲಿನ ಒಳಭಾಗದಲ್ಲಿ ಪ್ರತಿ ಜೋಡಿಯ ಎರಡು ಕಣಗಳ ತೂಗಾಟಗಳ ನಡುವೆ ಒಂದು ಪ್ರಾವಸ್ಥೆಯ ವ್ಯತ್ಯಾಸವಿರುತ್ತದೆ. ಸಾಲಿನಲ್ಲಿ ಸಾಗುವ ತರಂಗದ ತರಂಗಾಂತರವನ್ನು ಕ್ರಮವಾಗಿ ಬದಲಾಯಿಸುತ್ತ, ಅದು ತಾಳಬಹುದಾದ ಎಲ್ಲ ಮೌಲ್ಯಗಳನ್ನೂ ಒಂದು ಸುತ್ತು ಮುಗಿಸಿದಾಗ ಈ ವ್ಯತ್ಯಾಸವು ಏನಾಗುತ್ತದೆ ಎಂಬುದೇ ಪ್ರಶ್ನೆ. ಜೋಡಿಯ ಒಳಗಿನ ಬಂಧ ಬಲವಾಗಿದ್ದರೆ ವ್ಯತ್ಯಾಸವು ಸ್ವಲ್ಪ ಆಚೀಚೆ ವಾಲಿ ಮರಳುತ್ತದೆ; ಜೋಡಿಗಳ ನಡುವಿನ ಬಂಧ ಬಲವಾಗಿದ್ದರೆ ಅದು 360 ಡಿಗ್ರಿಯ ಪೂರ್ಣ ಸುತ್ತನ್ನು ಹಾಕುತ್ತದೆ. ಸುತ್ತಿನ ಸಂಖ್ಯೆ ಸೊನ್ನೆ ಅಥವಾ ಒಂದು. ಅರ್ಧ ಸುತ್ತು ಎಂಬುದಿಲ್ಲ. ಎರಡೂ ಬಂಧಗಳು ಸಮವಾಗಿ ಪಟ್ಟಿ ಅಂತರವೇ ಮುಚ್ಚಿಹೋದ ಹೊರತು ಈ ಸಂಖ್ಯೆ ಬದಲಾಗಲಾರದು. ಒಳಭಾಗದ ಈ ಸಂಖ್ಯೆ ಒಂದಾಗಿದ್ದರೆ ಅಂಚಿನಲ್ಲಿ ಒಂದು ಸ್ಥಿತಿ ಇದ್ದೇ ತೀರಬೇಕು, ಮತ್ತು ಕಣಗಳ ಅಂತರದಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದರೂ ಅದು ಅಳಿಯದು ಎಂಬುದೇ ಈ ವಿಷಯದ ಜೀವಾಳ.

ಪಂಚರತ್ನಂ ಮತ್ತೆ ಬರುವುದು ಇಲ್ಲಿಯೇ. ಎರಡು ಕಣಗಳ ತೂಗಾಟದ ಸ್ಥಿತಿಯನ್ನೂ ಧ್ರುವೀಕರಣದಂತೆಯೇ ಒಂದು ಗೋಳದ ಮೇಲಿನ ಬಿಂದುವಾಗಿ ಗುರುತಿಸಬಹುದು, ಮತ್ತು ಎರಡೂ ಕಣಗಳು ಸಮನಾಗಿ ತೂಗುವ ಸ್ಥಿತಿಗಳೆಲ್ಲ ಸಮಭಾಜಕದ ಮೇಲೆ ಬೀಳುತ್ತವೆ. ಪೂರ್ಣ ಸುತ್ತು ಹಾಕುವ ಸಾಲಿನ ಬಿಂದುವು ಸಮಭಾಜಕವನ್ನು ಒಮ್ಮೆ ಸುತ್ತಿ ಗೋಳದ ಅರ್ಧಭಾಗವನ್ನು ಆವರಿಸುತ್ತದೆ. 360ರ ಅರ್ಧ 180 ಡಿಗ್ರಿ. ಜೆ. ಝಾಕ್ ಎಂಬ ವಿಜ್ಞಾನಿ 1989ರಲ್ಲಿ ಸ್ಫಟಿಕಗಳ ಪಟ್ಟಿಗಳಿಗೆ ಅನ್ವಯಿಸಿ ಹೇಳಿದ, ಇಂದು ಅವರ ಹೆಸರಿನಿಂದಲೇ ಕರೆಯಲ್ಪಡುವ ಪ್ರಾವಸ್ಥೆ ಇದೇ: ಸಾಮಾನ್ಯ ಸಾಲಿಗೆ 0, ಟೊಪಾಲಜೀಯ ಸಾಲಿಗೆ 180 ಡಿಗ್ರಿ. ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕುವವರು ಮಾಡುವುದೇನೆಂದರೆ, ಸುತ್ತಿನ ಮೇಲೆ ಒತ್ತೊತ್ತಾಗಿ ಸ್ಥಿತಿಗಳನ್ನು ಆರಿಸಿ, ಮೊದಲನೆಯದನ್ನು ಎರಡನೆಯದರೊಂದಿಗೆ, ಎರಡನೆಯದನ್ನು ಮೂರನೆಯದರೊಂದಿಗೆ ಹೋಲಿಸುತ್ತ, ಕೊನೆಯದನ್ನು ಮರಳಿ ಮೊದಲನೆಯದರೊಂದಿಗೆ ಹೋಲಿಸಿ, ಸುತ್ತು ಮುಗಿದಾಗ ಉಳಿದ ವ್ಯತ್ಯಾಸವನ್ನು ಓದುವುದು. ಇದು ಅಕ್ಷರಶಃ 1956ರ ಬೆಂಗಳೂರಿನ ನಿಯಮ. ಪಂಚರತ್ನಂ ಅವರನ್ನು ಬೆರಿ ಅವರ ಮುನ್ಸೂಚಕರೆಂದಷ್ಟೇ ಹೇಳಿ ನಿಲ್ಲಿಸುವುದು ರೂಢಿ. ಆದರೆ ಬಿಡಿಬಿಡಿ ಸ್ಥಿತಿಗಳನ್ನು ಸರಪಳಿಯಾಗಿ ಹೋಲಿಸುವ ಅವರ ವಿಧಾನವೇ ಇಂದಿನ ಲೆಕ್ಕದ ನಿತ್ಯದ ಉಪಕರಣವಾಗಿರುವಾಗ ಅವರನ್ನು ಈ ಶಾಸ್ತ್ರದ ಸ್ಥಾಪಕರ ಸಾಲಿನಲ್ಲಿಯೇ ಕೂರಿಸುವುದು ನ್ಯಾಯ.

ಧ್ರುವೀಕರಣಕ್ಕೂ ಅಂಚಿನ ಸ್ಥಿತಿಗೂ ಇನ್ನೂ ನೇರವಾದ ನಂಟನ್ನು ತೋರಿಸಿದ್ದು ಅಲೆಕ್ಸಾಂಡರ್ ಪೊಡ್ಡುಬ್ನಿ, ಯೂರಿ ಕಿವ್‌ಷಾರ್ ಮತ್ತು ಸಂಗಡಿಗರು 2014ರಲ್ಲಿ ಮುಂದಿಟ್ಟ ಅಂಕುಡೊಂಕು ಸಾಲು. ಇದರಲ್ಲಿ ಎಲ್ಲ ಕಣಗಳ ಅಂತರವೂ ಒಂದೇ. ಆದರೆ ಸಾಲು ಪ್ರತಿ ಹೆಜ್ಜೆಗೂ 90 ಡಿಗ್ರಿ ತಿರುಗುತ್ತ ಸಾಗುತ್ತದೆ. ಎರಡು ಕಣಗಳನ್ನು ಸೇರಿಸುವ ರೇಖೆಯ ಉದ್ದಕ್ಕೆ ಎಲೆಕ್ಟ್ರಾನುಗಳು ತೂಗಿದರೆ ಬಂಧದ ಬಲವು ಅಡ್ಡಕ್ಕೆ ತೂಗಿದಾಗಿನದರ ಇಮ್ಮಡಿಯಾಗಿರುವುದರಿಂದ, ಒಂದು ದಿಕ್ಕಿನ ಧ್ರುವೀಕರಣಕ್ಕೆ ಬಂಧಗಳು ಬಲ, ದುರ್ಬಲ, ಬಲ, ದುರ್ಬಲ ಎಂದು ತಾವಾಗಿಯೇ ಬದಲಾಗುತ್ತ ಹೋಗುತ್ತವೆ, ಲಂಬ ದಿಕ್ಕಿನ ಧ್ರುವೀಕರಣಕ್ಕೆ ಇದು ತಿರುಗುಮುರುಗಾಗುತ್ತದೆ. ಕಣಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಧ್ರುವೀಕರಣಕ್ಕೆ ಸಾಲಿನ ಒಂದು ತುದಿಯೂ ಇನ್ನೊಂದು ಧ್ರುವೀಕರಣಕ್ಕೆ ಇನ್ನೊಂದು ತುದಿಯೂ ಬೆಳಗುತ್ತದೆ; ಅಂದರೆ ಧ್ರುವೀಕರಣ ಫಲಕವನ್ನು 90 ಡಿಗ್ರಿ ತಿರುಗಿಸಿದ ಮಾತ್ರಕ್ಕೆ ಬೆಳಕಿನ ನೆಲೆ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. 2015ರಲ್ಲಿ ಇಂಥ ಲೋಹದ ಬಿಲ್ಲೆಗಳ ಸಾಲನ್ನು ತಯಾರಿಸಿ, ಮೇಲ್ಮೈಗೆ ಬಹು ಸಮೀಪದಲ್ಲಿ ಸೂಜಿಮೊನೆಯನ್ನು ಓಡಿಸುವ ಸೂಕ್ಷ್ಮದರ್ಶಕದಿಂದ ಅಂಚಿನ ಹೊಳಪನ್ನು ಚಿತ್ರಿಸಲಾಯಿತು. 2017ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಚಿನ್ನದ ಹಾಳೆಯ ಮೇಲೆ ಕಿರಿದು ಅಗಲದ ಅಂತರಗಳಲ್ಲಿ ದಾರಿಗಳನ್ನು ರಚಿಸಿ, ಪ್ಲಾಸ್ಮಾನ್ ತರಂಗವು ಅಂಚಿನ ದಾರಿಯನ್ನು ಬಿಡದೆ ಸಾಗುವುದನ್ನು ತೋರಿಸಿದರು.

ಪಂಚರತ್ನಂ ಅವರ ಹೆಸರನ್ನೇ ಹೊತ್ತ ಇನ್ನೊಂದು ಬಗೆಯ ಜಾಲಕವೂ ಇದೆ. ಗಾಜಿನ ಮೇಲೆ ಚಿನ್ನದ ಸಣ್ಣ ಕಡ್ಡಿಗಳನ್ನು ಸಮ ಅಂತರದಲ್ಲಿ ನೆಟ್ಟು, ಒಂದೊಂದನ್ನೂ ಬೇಕಾದ ಕೋನಕ್ಕೆ ತಿರುಗಿಸಿಟ್ಟರೆ, ಅದರ ಮೇಲೆ ಬಿದ್ದ ಎಡ ವೃತ್ತೀಯ ಬೆಳಕಿನ ಒಂದಂಶವು ಬಲ ವೃತ್ತೀಯವಾಗಿ ಬದಲಾಗುವಾಗ ಕಡ್ಡಿಯ ಕೋನದ ಇಮ್ಮಡಿಯಷ್ಟು ಪ್ರಾವಸ್ಥೆಯನ್ನು ಪಡೆಯುತ್ತದೆ. ಪಾಂಕರೆ ಗೋಳದ ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ ಬೇರೆಬೇರೆ ರೇಖಾಂಶಗಳ ಮೂಲಕ ಸಾಗಿದಾಗ ನಡುವೆ ಸಿಕ್ಕ ಪ್ರದೇಶವೇ ಈ ಪ್ರಾವಸ್ಥೆಗೆ ಕಾರಣ. ಕಡ್ಡಿಗಳ ದಿಕ್ಕನ್ನು ಯೋಜಿಸಿ ಇಡುವುದರಿಂದಲೇ ಕೂದಲಿಗಿಂತ ತೆಳುವಾದ ಮಸೂರಗಳನ್ನೂ ಹೊಲೊಗ್ರಾಮುಗಳನ್ನೂ ಮಾಡಲಾಗಿದ್ದು, ಇವುಗಳಿಗೆ ಪಂಚರತ್ನಂ-ಬೆರಿ ಸಾಧನಗಳೆಂಬ ಹೆಸರು ವಿಜ್ಞಾನಲೋಕದಲ್ಲಿ ನೆಲೆಗೊಂಡಿದೆ.

ಈ ಕ್ಷೇತ್ರದ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಲೋಹವು ಬೆಳಕನ್ನು ಅತಿ ಸಣ್ಣ ಜಾಗದಲ್ಲಿ ಹಿಡಿಯುತ್ತದೆ, ಆದರೆ ಅಷ್ಟೇ ಬೇಗ ಅದನ್ನು ಶಾಖವಾಗಿ ಕಳೆದುಬಿಡುತ್ತದೆ. ಚಿನ್ನದ ಕಣದ ತೂಗಾಟವು ಸೆಕೆಂಡಿನ ಸುಮಾರು ಕೋಟಿ ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತು ಬಾಳೀತು. ಟೊಪಾಲಜಿಯು ಅಂಚಿನ ಸ್ಥಿತಿಯನ್ನು ಜೋಡಣೆಯ ದೋಷಗಳಿಂದ ಕಾಪಾಡುತ್ತದೆಯೇ ಹೊರತು ಶಾಖದ ನಷ್ಟದಿಂದಲ್ಲ, ಈ ವ್ಯತ್ಯಾಸವನ್ನು ಜನಪ್ರಿಯ ಬರಹಗಳು ಆಗಾಗ ಮರೆಯುತ್ತವೆ. ಮೇಲಾಗಿ ಪಕ್ಕದ ಕಣಗಳಷ್ಟೇ ಅಲ್ಲದೆ ದೂರದ ಕಣಗಳೂ ಬೆಳಕಿನ ಮೂಲಕ ಪರಸ್ಪರ ಪ್ರಭಾವ ಬೀರುವುದರಿಂದ ಅಂಚಿನ ಸ್ಥಿತಿಯನ್ನು ಕಾಪಾಡುವ ಸರಳ ಮಾದರಿಯ ಸಮ್ಮಿತಿ ಸ್ವಲ್ಪ ಮುಕ್ಕಾಗುತ್ತದೆ, ಅದರೊಂದಿಗೆ ರಕ್ಷಣೆಯೂ ಮುಕ್ಕಾಗುತ್ತದೆ. ಹಿಂದಕ್ಕೆ ತಿರುಗಲು ಅವಕಾಶವೇ ಇಲ್ಲದ ಏಕಮುಖ ಅಂಚಿನ ದಾರಿ ಬೇಕೆಂದರೆ ಸಾಮಾನ್ಯವಾಗಿ ಕಾಂತಕ್ಷೇತ್ರ ಬೇಕು. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡ ಕ್ವಾಂಟಂ ಹಾಲ್ ಪರಿಣಾಮದಲ್ಲಿ ನಡೆಯುವುದು ಅದೇ. ಬೆಳಕಿನಲ್ಲಿಯೂ ಅದು ಸಾಧ್ಯವೆಂದು 2008ರಲ್ಲಿ ಹಾಲ್ಡೇನ್ ಮತ್ತು ರಘು ಎಂಬ ಭೌತವಿಜ್ಞಾನಿಗಳು ಸೂಚಿಸಿದ್ದನ್ನು 2009ರಲ್ಲಿ ಅಮೆರಿಕದ ಎಂಐಟಿಯವರು ಮೈಕ್ರೋವೇವ್ ತರಂಗಗಳಲ್ಲಿ ಮಾಡಿ ತೋರಿಸಿದರು. ಕಣ್ಣಿಗೆ ಕಾಣುವ ಬೆಳಕಿನ ಆವೃತ್ತಿಯಲ್ಲಿ ಕಾಂತಪ್ರಭಾವ ಬಹಳ ದುರ್ಬಲವಾದ್ದರಿಂದ ಅಲ್ಲಿ ಈ ಕಾರ್ಯ ಇನ್ನೂ ಕಷ್ಟದ್ದಾಗಿಯೇ ಉಳಿದಿದೆ. ಆದ್ದರಿಂದ ಚಿನ್ನದ ಜಾಲಕಗಳು ನಾಳೆಯೇ ಕಂಪ್ಯೂಟರಿನ ತಂತಿಗಳ ಜಾಗವನ್ನು ತೆಗೆದುಕೊಳ್ಳುತ್ತವೆ ಎಂಬ ನಿರೀಕ್ಷೆ ಅವಸರದ್ದು. ಬೆಳಕು ಗೊತ್ತಾದ ಬಿಂದುವಿನಲ್ಲಿ ತೀವ್ರವಾಗಿ ಕೇಂದ್ರೀಕರಿಸುವುದರಿಂದ ಅಣುಗಳ ಪತ್ತೆಗೆ ಬಳಸುವ ಸಂವೇದಕಗಳಲ್ಲಿ ಇವು ಮೊದಲು ಉಪಯೋಗಕ್ಕೆ ಬರುವುದು ಹೆಚ್ಚು ಸಂಭವನೀಯ.

ಈ ವಿಷಯವನ್ನು ದೂರದ ಪ್ರಯೋಗಾಲಯಗಳ ಸೊತ್ತೆಂದು ಭಾವಿಸಬೇಕಾಗಿಲ್ಲ. ಚಿನ್ನದ ಬಿಲ್ಲೆಗಳನ್ನು ಕೊರೆಯುವ ಯಂತ್ರಗಳು ದುಬಾರಿಯಾದರೂ ಇದರ ತಳಹದಿಯಾದ ಪ್ರಯೋಗಗಳಿಗೆ ಅಂಥ ಖರ್ಚಿಲ್ಲ. ಪಾರದರ್ಶಕ ಕ್ಯಾಲ್ಸೈಟ್ ಹರಳೊಂದನ್ನು ಅಚ್ಚಾದ ಅಕ್ಷರದ ಮೇಲಿಟ್ಟು, ಅದರ ಮೇಲೆ ಪೋಲರಾಯ್ಡ್ ಎಂಬ ಧ್ರುವೀಕರಣ ಹಾಳೆಯನ್ನು ತಿರುಗಿಸಿದರೆ ಎರಡು ಬಿಂಬಗಳು ಸರದಿಯಂತೆ ಮಾಯವಾಗುವುದನ್ನು ಯಾವ ಶಾಲೆಯಲ್ಲಿಯೂ ತೋರಿಸಬಹುದು. ಹಾಳೆಯನ್ನು ಕಂಪ್ಯೂಟರಿನ ಎಲ್‌ಸಿಡಿ ಪರದೆಯ ಮುಂದೆ ತಿರುಗಿಸಿದರೂ ಧ್ರುವೀಕರಣದ ಅರ್ಥ ಮನದಟ್ಟಾಗುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳು ಕಿರಿದು ಅಗಲದ ಸಾಲಿನ ಸುತ್ತಿನ ಸಂಖ್ಯೆಯನ್ನು ಕೆಲವೇ ಸಾಲುಗಳ ಕಂಪ್ಯೂಟರ್ ಪ್ರೋಗ್ರಾಮಿನಿಂದ ಲೆಕ್ಕ ಹಾಕಬಲ್ಲರು, ಮತ್ತು ಆ ಲೆಕ್ಕದಲ್ಲಿ ಬಳಸುವ ನಿಯಮವಿರುವ 1956ರ ಮೂಲ ಪ್ರಬಂಧವು ಭಾರತೀಯ ವಿಜ್ಞಾನ ಅಕಾಡೆಮಿಯ ಸಂಗ್ರಹದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಕಾಲೇಜುಗಳ ಭೌತಶಾಸ್ತ್ರದ ಅಧ್ಯಾಪಕರು ಆ ಪ್ರಬಂಧವನ್ನು ಇಳಿಸಿಕೊಂಡು, ಬೆಳಕಿನ ಧ್ರುವೀಕರಣದ ಪಾಠ ಬಂದ ದಿನ ತಮ್ಮ ವಿದ್ಯಾರ್ಥಿಗಳ ಕೈಗೆ ಕೊಡಬೇಕು.